ಬೆಂಕಿಯ ಕಥೆ ಸಾಕು, ಚಿತ್ರ ನೋಡೋಣ

ನಮಸ್ಕಾರ. ಚೀನಾದ ಹಳೆಯ ಬೆಟ್ಟ-ನದಿ ಚಿತ್ರಗಳ ಮಾತು ಬಂದರೆ ಸಾಕು, ಎಲ್ಲರೂ ಒಂದೇ ಕಥೆ ಹೇಳುತ್ತಾರೆ. 1650ರ ಸುಮಾರಿಗೆ ಒಬ್ಬ ಸಿರಿವಂತ ಸಾಯುವ ಹೊತ್ತಿನಲ್ಲಿ, ತನ್ನ ಪ್ರೀತಿಯ, ಫುಚುನ್ ನದಿಯ ದಡದ ಬೆಟ್ಟಗಳ ಚಿತ್ರದ ಸುರುಳಿಯನ್ನು ಸುಟ್ಟುಬಿಡಿ ಎಂದನಂತೆ. ಮನೆಯವನೊಬ್ಬ ಬೆಂಕಿಯಿಂದ ಅದನ್ನು ಎಳೆದುಕೊಂಡ. ಅಷ್ಟರಲ್ಲಿ ಸುರುಳಿ ತುಂಡಾಗಿತ್ತು. ಸಣ್ಣ ತುಂಡು ಈಗ ಚೀನಾದ ಹಾಂಗ್‌ಝೌನಲ್ಲಿದೆ, 6 ಮೀಟರ್‌ಗಿಂತ ಉದ್ದದ ಇನ್ನೊಂದು ತೈವಾನ್‌ನ ತೈಪೆಯಲ್ಲಿ. 2011ರಲ್ಲಿ ಎರಡನ್ನೂ ತೈಪೆಯಲ್ಲಿ ಒಟ್ಟಿಗೆ ಇಟ್ಟು ತೋರಿಸಿದರು.

ಕಥೆ ಚೆನ್ನಾಗಿದೆ, ಅಲ್ವಾ? ಆದರೆ ಈ ಗದ್ದಲದಲ್ಲಿ ಆ ಚಿತ್ರ ಬರೆದವರೇ ಮರೆತುಹೋಗುತ್ತಾರೆ. ನನಗೆ ಅದೇ ಬೇಸರ.

ಅವರ ಹೆಸರು ಹುವಾಂಗ್ ಗೊಂಗ್‌ವಾಂಗ್. ಹುಟ್ಟಿದ್ದು 1269ರಲ್ಲಿ. ಹುಡುಗನಾಗಿದ್ದಾಗಲೇ ಇಡೀ ದೇಶ ಮಂಗೋಲರ ಕೈಗೆ ಹೋಯಿತು. ದೊಡ್ಡವರಾಗಿ ಸರ್ಕಾರಿ ಗುಮಾಸ್ತರಾದರು. ಮೇಲಧಿಕಾರಿಯ ತೆರಿಗೆ ಹಗರಣದಲ್ಲಿ ಇವರೂ ಜೈಲು ಸೇರಿದರು. ಹೊರಬಂದ ಮೇಲೆ ದಾವೊ ಎಂಬ ಚೀನಾದ ಹಳೆಯ ಧಾರ್ಮಿಕ ಪಂಥ ಹಿಡಿದರು, ಭವಿಷ್ಯ ಹೇಳಿ ಹೊಟ್ಟೆ ಹೊರೆದರು. ಚಿತ್ರದಲ್ಲಿ ಗಟ್ಟಿಯಾಗಿ ತೊಡಗಿದ್ದು ನಡುವಯಸ್ಸು ದಾಟಿದ ಮೇಲೆ.

ಚೀಲದಲ್ಲಿ ಯಾವಾಗಲೂ ಕುಂಚ ಇರಲಿ, ವಿಚಿತ್ರವಾದ ಮರ ಕಂಡರೆ ಅಲ್ಲೇ ಬರೆದುಕೊಳ್ಳಿ ಎಂದು ಅವರು ಕಲಿಯುವವರಿಗೆ ಹೇಳಿದ್ದರು. ತಾವೂ ಹಾಗೇ ಬದುಕಿದರು.

ಫುಚುನ್ ನದಿಯ ದಡದ ಬೆಟ್ಟಗಳ ಈ ಚಿತ್ರ ಶುರುವಾದಾಗ ಅವರಿಗೆ ಎಂಬತ್ತರ ಹತ್ತಿರ. ಮೊದಲು ಇಡೀ ಸುರುಳಿಗೆ ಒಂದೇ ಉಸಿರಿನಲ್ಲಿ ರೂಪ ಕೊಟ್ಟರು. ಆಮೇಲೆ ಮನಸ್ಸು ಬಂದಾಗ ಒಂದಿಷ್ಟು, ಬಿಡುವಾದಾಗ ಒಂದಿಷ್ಟು. ಮೂರ್ನಾಲ್ಕು ವರ್ಷ ಕಳೆದರೂ ಮುಗಿದಿಲ್ಲ ಎಂದು 1350ರಲ್ಲಿ ಸುರುಳಿಯ ಮೇಲೇ ಬರೆದಿದ್ದಾರೆ. ಯಾರಾದರೂ ಮೋಸದಿಂದಲೋ ಬಲವಂತದಿಂದಲೋ ಕಿತ್ತುಕೊಂಡಾರು ಎಂದು ಗೆಳೆಯ ವುಯೊಂಗ್‌ಗೆ ಭಯ. ಅದಕ್ಕೇ ಚಿತ್ರ ಮುಗಿಯುವ ಮೊದಲೇ ಅದು ವುಯೊಂಗ್‌ದು ಎಂದು ಬರೆಸಿಕೊಂಡರು! ಬೆಂಕಿಯ ಕಥೆಗಿಂತ ಈ ಗೆಳೆತನ ನನಗೆ ಜಾಸ್ತಿ ಇಷ್ಟ.

ಇಲ್ಲಿ ಬಣ್ಣವಿಲ್ಲ. ಕಾಗದ, ಕಪ್ಪು ಮಸಿ, ಅಷ್ಟೇ. ಕೆಲವು ಕಡೆ ಕುಂಚ ಎಷ್ಟು ಒಣಗಿದೆಯೆಂದರೆ ಗೆರೆಯ ನಡುವೆ ಕಾಗದವೇ ಕಾಣುತ್ತದೆ. ಗೆರೆಯ ಮೇಲೆ ಗೆರೆ ಬಿದ್ದು ಬೆಟ್ಟಕ್ಕೆ ಮೈ ಬಂದಿದೆ. ಮೊಬೈಲಿನಲ್ಲಿ ಇಡೀ ಚಿತ್ರವನ್ನು ಒಂದೇ ಸಲ ನೋಡಿದರೆ ಬೂದು ಪಟ್ಟಿಯೊಂದು ಕಾಣುತ್ತದೆ, ಅಷ್ಟೇ. ಅದು ಸುರುಳಿ. ಬಲದಿಂದ ಎಡಕ್ಕೆ, ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾ ನೋಡಬೇಕು. ತೆರೆಯ ಮೇಲೂ ದೊಡ್ಡದು ಮಾಡಿಕೊಂಡು ಹಾಗೇ ಸರಿಸಿ. ಆಗ ಮನೆ ಸಿಗುತ್ತದೆ, ದೋಣಿಯಲ್ಲಿ ಕೂತ ಮೀನುಗಾರ ಸಿಗುತ್ತಾನೆ.