ಚಿನ್ನದ ಮಣಿಗೆ ಅಡೆನಿನ್ ಅಂಟುವ ಮೊದಲು

ನಮಸ್ಕಾರ. ಜ್ವಾಲೆಯಲ್ಲಿ ಕೆಂಪಗೆ ಕಾಯುತ್ತಿರುವುದು ಚಿನ್ನದ ತಂತಿಯ ತುದಿಯನ್ನು ಕರಗಿಸಿ ಮಾಡಿಕೊಂಡ ಮಣಿ. ಇಂದಿನ ಎಲೆಕ್ಟ್ರೋಡ್, ಅಂದರೆ ದ್ರಾವಣದಲ್ಲಿ ಮುಳುಗಿಸಿ ವೋಲ್ಟೇಜ್ ಕೊಡುವ ಲೋಹದ ತುದಿ, ಇದೇ. ಇದಕ್ಕೆ ಅಡೆನಿನ್ ಹೇಗೆ ಅಂಟುತ್ತದೆ ಎಂಬುದನ್ನು ಅಳೆಯಬೇಕಿದೆ. ಚಿನ್ನವು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ, ಅದಕ್ಕಿಂತ ಕೆಳಗಿನ ಶಾಖದಲ್ಲೇ ಜಿಡ್ಡನ್ನು ಸುಟ್ಟು ಹೊರತೆಗೆಯಬೇಕು.

ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ಡಿಎನ್‌ಎಯ ನಾಲ್ಕು ಬೇಸ್‌ಗಳೂ (ಅದರ ಸಂಕೇತಾಕ್ಷರಗಳಾದ ಅಣುಗಳು) ಚಿನ್ನಕ್ಕೆ ಅಂಟುತ್ತವೆ, ಆದರೆ ಒಂದೇ ಬಲದಿಂದಲ್ಲ. ದ್ರಾವಣದಲ್ಲಿ ಡಿಎನ್‌ಎ ಎಳೆಗಳನ್ನು ಪರಸ್ಪರ ಪೈಪೋಟಿಗೆ ಬಿಟ್ಟ 2003ರ ಪ್ರಯೋಗದಲ್ಲಿ ಅಡೆನಿನ್ ಮುಂದಿತ್ತು, ಥೈಮಿನ್ ಕೊನೆಯಲ್ಲಿತ್ತು. ಒಣ ಪದರವನ್ನು ಕಾಸಿ ಬಿಡಿಸಿದ 2002ರ ಪ್ರಯೋಗದಲ್ಲಿ ಮಾತ್ರ ಗ್ವಾನಿನ್‌ನ ಹಿಡಿತವೇ ಎಲ್ಲಕ್ಕಿಂತ ಬಿಗಿಯಾಗಿತ್ತು. ಆದ್ದರಿಂದ ಅಳೆದದ್ದು ನೀರಿನಲ್ಲೋ ಒಣ ಪದರದಲ್ಲೋ ಎಂಬುದನ್ನು ಬಿಟ್ಟು ಬರೀ ಬಲದ ಕ್ರಮ ಹೇಳುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಈ ಗಾಜಿನ ಪಾತ್ರೆಯಲ್ಲಿ ನಾನು ಮೂರು ದಿನ ಕಳೆದುಕೊಂಡೆ. ಅಡೆನಿನ್ ಹಾಕುವ ಮೊದಲು ಬರಿಯ ಸೋಡಿಯಂ ಪರ್ಕ್ಲೋರೇಟ್ ದ್ರಾವಣದಲ್ಲಿ ವೋಲ್ಟೇಜ್ ಏರಿಸಿ ಇಳಿಸುವಾಗ ಹರಿಯುವ ವಿದ್ಯುತ್ತನ್ನು ತೋರಿಸುವ ರೇಖೆ ಸಮತಟ್ಟಾಗಿರಬೇಕಿದ್ದ ಜಾಗದಲ್ಲಿ ಒಂದು ಉಬ್ಬು ಕಾಣುತ್ತಿತ್ತು. ನೀರು ಬದಲಿಸಿದೆ, ಗಾಜನ್ನು ಮತ್ತೆ ಆಮ್ಲದಲ್ಲಿ ನೆನೆಸಿದೆ, ಮಣಿಯನ್ನು ಹಲವು ಬಾರಿ ಕಾಸಿದೆ. ಆದರೂ ಉಬ್ಬು ಹೋಗಲಿಲ್ಲ, ಬದಲಿಗೆ ಗಂಟೆಗಂಟೆಗೂ ಬೆಳೆಯಿತು. ಅದು ಬೆಳೆಯುತ್ತಿದೆ ಎಂಬುದನ್ನು ಗಮನಿಸಿದ ಮೇಲೆಯೇ ನನಗೆ ಕಾರಣ ಹೊಳೆಯಿತು: ಪಕ್ಕದಲ್ಲಿ ನಿಂತಿದ್ದ ಬೆಳ್ಳಿ–ಸಿಲ್ವರ್ ಕ್ಲೋರೈಡ್ ಆಕರ ಎಲೆಕ್ಟ್ರೋಡ್‌ನೊಳಗಿನ (ವೋಲ್ಟೇಜನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತೇವೋ ಅದು) ಕ್ಲೋರೈಡ್ ಉಪ್ಪು, ಅದರ ರಂಧ್ರಮಯ ತುದಿಯಿಂದ ನಿಧಾನವಾಗಿ ಸೋರುತ್ತಿತ್ತು. ಕ್ಲೋರೈಡ್ ಅಯಾನುಗಳೂ ಚಿನ್ನಕ್ಕೆ ಬಿಗಿಯಾಗಿ ಅಂಟುವವೇ. ಅಡೆನಿನ್ ಬರುವ ಹೊತ್ತಿಗೆ ಅವು ಜಾಗ ಹಿಡಿದು ಕುಳಿತಿದ್ದರೆ, ನಾನು ಅಳೆಯುವುದು ಅಡೆನಿನ್‌ನ ಹಿಡಿತವನ್ನಲ್ಲ, ಅವೆರಡರ ನಡುವಿನ ಪೈಪೋಟಿಯನ್ನು. ಈಗ ನಡುವೆ ಕಾಣುತ್ತಿರುವ ಗಾಜಿನ ಕೊಳವೆ, ಸೋಡಿಯಂ ಪರ್ಕ್ಲೋರೇಟ್ ತುಂಬಿದ ಲವಣ ಸೇತುವೆ: ವಿದ್ಯುತ್ ಸಂಪರ್ಕ ಉಳಿಸಿಕೊಂಡೇ ಆಕರ ಎಲೆಕ್ಟ್ರೋಡನ್ನು ದೂರವಿಡುತ್ತದೆ. ಅದರಲ್ಲಿ ಪೊಟ್ಯಾಸಿಯಂ ಲವಣ ಇರಬಾರದು, ಏಕೆಂದರೆ ಪೊಟ್ಯಾಸಿಯಂ ಪರ್ಕ್ಲೋರೇಟ್ ನೀರಿನಲ್ಲಿ ಸರಿಯಾಗಿ ಕರಗದೆ ತುದಿಯಲ್ಲಿ ಕಟ್ಟಿಕೊಳ್ಳುತ್ತದೆ.

ಪಾದರಸದ ಎಲೆಕ್ಟ್ರೋಡ್ ವಿಷಕಾರಿ, ಅದನ್ನು ಮೂಲೆಗಿಡಬೇಕು ಎಂದು ನಾನು ಹೇಳುತ್ತಾ ಬಂದಿದ್ದೆ. ಈ ಮೂರು ದಿನಗಳಲ್ಲಿ ಆ ಮಾತು ಸಡಿಲವಾಗಿದೆ. ಈಗಿನ ಚೆಕ್ ಗಣರಾಜ್ಯದ ಬ್ರ್ನೋ ನಗರದಲ್ಲಿ ವಿಜ್ಞಾನಿ ಎಮಿಲ್ ಪಾಲೆಚೆಕ್ ಅವರು 1950ರ ದಶಕದ ಕೊನೆಯಲ್ಲಿ ಡಿಎನ್‌ಎಯ ವಿದ್ಯುತ್ ಸಂಕೇತವನ್ನು ಕಂಡದ್ದು ಪಾದರಸದ ಮೇಲೆಯೇ. ತೊಟ್ಟಿಕ್ಕುವ ಪಾದರಸದಲ್ಲಿ ಪ್ರತಿ ಹನಿಯೂ ಹೊಸದಾದ, ನಯವಾದ ಮೇಲ್ಮೈ. ಕಾಸಿ ತೊಳೆಯುವ ಗೋಜಿಲ್ಲ.

ಕ್ಷಮಿಸಿ, ಪರದೆಯ ಮೇಲೆ ರೇಖೆ ಆರಂಭವಾಗಿದೆ. ಉಬ್ಬು ಇಲ್ಲ. ಈಗ ಅಡೆನಿನ್ ಹಾಕಿದೆ: ಎಡಭಾಗದಲ್ಲಿ, ಏರುವಾಗಿನ ಮತ್ತು ಇಳಿಯುವಾಗಿನ ರೇಖೆಗಳೆರಡೂ ಹತ್ತಿರ ಬಂದವು, ಅಂದರೆ ಮೇಲ್ಮೈಯ ನೀರನ್ನು ತಳ್ಳಿ ಅಡೆನಿನ್ ಕುಳಿತಿದೆ, ಧಾರಕತೆ (ಮೇಲ್ಮೈ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಇಳಿದಿದೆ. ವೋಲ್ಟೇಜ್ ಧನಾತ್ಮಕ ದಿಕ್ಕಿಗೆ ಸರಿದಂತೆ ಅಡೆನಿನ್‌ನ ಉಂಗುರದ ನೈಟ್ರೋಜನ್ ಮತ್ತು ಅಮೈನೊ ಗುಂಪು ಚಿನ್ನವನ್ನು ಹಿಡಿಯುವ ಭಾಗ ಬರುತ್ತದೆ. ಅದನ್ನು ಮಾತಿಲ್ಲದೆ ತೋರಿಸುತ್ತೇನೆ.