ಎಂ ಅಕ್ಷರದ ಮೇಲೆ ಕೆಂಪು ಟೇಪು

ಎಲ್ಲರಿಗೂ ನಮಸ್ಕಾರ.

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಫುಟ್‌ಬಾಲ್ ಬಗ್ಗೆ ಯಾಕೆ ಮಾತು ಅಂತ ಕೆಲವರು ಕೇಳಿದರು. ಮಿಶಿಗನ್‌ನಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಉತ್ತರ ಗೊತ್ತು. ಪ್ರತಿ ವರ್ಷ ಈ ಕಾರ್ಯಕ್ರಮಕ್ಕೆ ಹಾಲ್ ಬುಕ್ ಮಾಡುವಾಗ ನವೆಂಬರ್ ಕೊನೆಯ ಶನಿವಾರವನ್ನು ನಾವು ಮೊದಲೇ ಕೈಬಿಡುತ್ತೇವೆ. ಆ ದಿನ ಇಟ್ಟರೆ ನಮ್ಮ ಹುಡುಗರು ಯಾರೂ ಬರುವುದಿಲ್ಲ. ಕೆಲವು ಅಪ್ಪಂದಿರೂ ಬರುವುದಿಲ್ಲ. ಅವತ್ತು ಮಿಶಿಗನ್ ಮತ್ತು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಗಳ ಮ್ಯಾಚು.

ನನ್ನ ಮಗಳು ಕೊಲಂಬಸ್‌ನಲ್ಲಿ ಓಹಾಯೋ ಸ್ಟೇಟ್‌ನಲ್ಲಿ ಓದುತ್ತಿದ್ದಾಳೆ. ಕಳೆದ ವರ್ಷ ಮ್ಯಾಚಿನ ವಾರದಲ್ಲಿ ಅವಳು ಒಂದು ಫೋಟೋ ಕಳಿಸಿದಳು. ಅವಳು ಕ್ಲಾಸಿಗೆ ಹೋಗುವ ಕಟ್ಟಡದ ಬೋರ್ಡು. ಅದರಲ್ಲಿ ಇಂಗ್ಲಿಷ್‌ನ ಎಂ ಅಕ್ಷರ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕೆಂಪು ಟೇಪಿನಲ್ಲಿ ಅಡ್ಡಡ್ಡ ಗೀಟು ಹಾಕಿದ್ದಾರೆ. ಇಡೀ ಕ್ಯಾಂಪಸ್‌ನಲ್ಲಿ ಹೀಗೆಯೇ. ಎಂ ಅಂದರೆ ಮಿಶಿಗನ್, ಆ ವಾರ ಆ ಅಕ್ಷರವೇ ಬೇಡ. ಕೆಳಗೆ ಅವಳು ಬರೆದಿದ್ದಳು: "ಅಪ್ಪಾ, ನಿಮ್ಮ ಅಕ್ಷರಕ್ಕೆ ರಜ." ನಾನು ಎಷ್ಟೋ ಜನರಿಗೆ ಆ ಫೋಟೋ ತೋರಿಸಿದ್ದೇನೆ. ನನಗೆ ಈ ಹುಚ್ಚು ಇಷ್ಟ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವ ಮಾತು ಸ್ವಲ್ಪ ಕಷ್ಟದ್ದು.

ಊರಿಂದ ಬಂದ ಹಿರಿಯರು ಇಲ್ಲಿದ್ದಾರೆ, ಅವರಿಗಾಗಿ ಎರಡು ಮಾತು. ಇದು ಕಾಲಲ್ಲಿ ಚೆಂಡು ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಆಡುವವರು ಹದಿನೆಂಟರಿಂದ ಇಪ್ಪತ್ತೆರಡು ವರ್ಷದ ಕಾಲೇಜು ಹುಡುಗರು. ಕಾಲೇಜು ಆಟ ಅಂದರೆ ನಮಗೆ ಮೈದಾನದ ಸುತ್ತ ನಿಂತ ನೂರಿನ್ನೂರು ಜನ ನೆನಪಾಗುತ್ತಾರೆ, ಅಲ್ವಾ? ಮಿಶಿಗನ್ ವಿಶ್ವವಿದ್ಯಾಲಯ ಇರುವ ಊರು ಆನ್ ಆರ್ಬರ್. ಅಲ್ಲಿನ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಕೊಲಂಬಸ್‌ನದೂ ಲಕ್ಷ ದಾಟುತ್ತದೆ. ಮ್ಯಾಚಿನ ದಿನ ಆನ್ ಆರ್ಬರ್‌ನಲ್ಲಿ ಪಕ್ಕದ ಗಾಲ್ಫ್ ಮೈದಾನವೇ ಪಾರ್ಕಿಂಗ್ ಆಗುತ್ತದೆ. ಬೆಳಿಗ್ಗೆಯಿಂದಲೇ ಕಾರಿನ ಡಿಕ್ಕಿ ತೆಗೆದು, ಒಲೆ ಹಚ್ಚಿ, ಅಡುಗೆ ಮಾಡಿ, ಗುರುತಿಲ್ಲದವರಿಗೂ ಕರೆದು ಕೊಡುತ್ತಾರೆ. ಜಾತ್ರೆಯಲ್ಲಿ ತೇರು ಎಳೆಯುವ ಮುಂಚಿನ ಹೊತ್ತು ಹೇಗಿರುತ್ತದೋ ಹಾಗೆ.

ಈ ಎರಡು ರಾಜ್ಯಗಳ ಜಗಳ ಆಟಕ್ಕಿಂತ ಹಳೆಯದು. 1835ರಲ್ಲಿ ಟೊಲಿಡೊ ಪಟ್ಟಿಯ ಗಡಿಗಾಗಿ ಎರಡೂ ಕಡೆಯವರು ಸೈನಿಕರನ್ನೇ ಕಳಿಸಿದ್ದರು. ಗಡಿ ಜಗಳ ಅಂದರೆ ಏನು ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಟೊಲಿಡೊ ಓಹಾಯೋಗೆ ಹೋಯಿತು, ಮಿಶಿಗನ್‌ಗೆ ಮೇಲಿನ ಪರ್ಯಾಯ ದ್ವೀಪ ಸಿಕ್ಕಿತು. ಮೊದಲ ಮ್ಯಾಚು 1897ರಲ್ಲಿ, ಮಿಶಿಗನ್ 34-0ರಿಂದ ಗೆದ್ದಿತು. 1918ರಿಂದ ಪ್ರತಿ ವರ್ಷ ಆಡುತ್ತಾ ಬಂದರು. ತಪ್ಪಿದ್ದು 2020ರಲ್ಲಿ, ಕೋವಿಡ್‌ನಿಂದ. ಓಹಾಯೋದ ಕೋಚ್ ವುಡಿ ಹೇಯ್ಸ್ ಮತ್ತು ಒಂದು ಕಾಲದಲ್ಲಿ ಅವರ ಕೈಕೆಳಗೇ ಕೆಲಸ ಕಲಿತು ಮಿಶಿಗನ್‌ಗೆ ಕೋಚ್ ಆಗಿ ಬಂದ ಬೋ ಶೆಂಬೆಕ್ಲರ್ 1969ರಿಂದ 1978ರ ತನಕ ಎದುರುಬದುರಾದರು. ಅದನ್ನು ಇವತ್ತಿಗೂ ಹತ್ತು ವರ್ಷದ ಯುದ್ಧ ಅಂತಲೇ ಕರೆಯುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ಬರೀ ಟೀಮ್ ಅನ್ನುವುದಿಲ್ಲ, ಪ್ರೋಗ್ರಾಮ್ ಅನ್ನುತ್ತಾರೆ. ಕೋಚ್, ಸಿಬ್ಬಂದಿ, ದುಡ್ಡು ಕೊಡುವ ಹಳೆ ವಿದ್ಯಾರ್ಥಿಗಳು, ಹಳೆಯ ಗೆಲುವುಗಳು, ಎಲ್ಲಾ ಸೇರಿ ಪ್ರೋಗ್ರಾಮ್. ಮ್ಯಾಚಿನಲ್ಲಿ ಸೋತವರಿಗೆ ಉಳಿಯುವ ದೊಡ್ಡ ಅಸ್ತ್ರ ಒಂದೇ: "ನೀವು ಗೆದ್ದಿರಬಹುದು, ಆದರೆ ನಿಮ್ಮ ಪ್ರೋಗ್ರಾಮ್ ಪ್ರಾಮಾಣಿಕ ಅಲ್ಲ." ಇಪ್ಪತ್ತು ವರ್ಷದಿಂದ ಈ ವಾದ ಕೇಳಿದ್ದೇನೆ. ಆಫೀಸಿನಲ್ಲಿ, ಕ್ಷೌರದಂಗಡಿಯಲ್ಲಿ, ನಮ್ಮ ಮನೆಯ ಊಟದ ಮೇಜಿನ ಮೇಲೆ.

ಮೊದಲು ಓಹಾಯೋ ಕತೆ. ಅಲ್ಲಿ 1934ರಿಂದ ಒಂದು ಪದ್ಧತಿ ಇದೆ. ಮಿಶಿಗನ್ ಅನ್ನು ಸೋಲಿಸಿದ ವರ್ಷ ಪ್ರತಿ ಆಟಗಾರನಿಗೂ ಪ್ಯಾಂಟಿನ ಆಕಾರದ ಪುಟ್ಟ ಬಂಗಾರದ ಪದಕ ಕೊಡುತ್ತಾರೆ. ಮಿಶಿಗನ್‌ನವರೂ ನಮ್ಮ ಹಾಗೆ ಒಂದೊಂದೇ ಕಾಲು ಹಾಕಿ ಪ್ಯಾಂಟ್ ತೊಡುವವರು, ಹೆದರಬೇಡಿ ಅಂತ ಆಗಿನ ಕೋಚ್ ಹೇಳಿದ್ದರಂತೆ, ಅದರಿಂದ ಬಂದದ್ದು. ಬೆರಳ ತುದಿಯಷ್ಟಿರುವ ಈ ಪದಕ ಆ ಹುಡುಗರಿಗೆ ದೊಡ್ಡ ಮರ್ಯಾದೆ. 2010ರ ಡಿಸೆಂಬರ್‌ನಲ್ಲಿ ಸುದ್ದಿ ಬಂತು. ಐವರು ಆಟಗಾರರು ಇಂಥ ಪದಕ, ಉಂಗುರ, ಜೆರ್ಸಿಗಳನ್ನು ಮಾರಿದ್ದಾರೆ, ಕೆಲವರು ಹಚ್ಚೆ ಹಾಕಿಸಿಕೊಂಡು ಕಡಿಮೆ ದುಡ್ಡು ಕೊಟ್ಟಿದ್ದಾರೆ. ಆಗ ಕಾಲೇಜು ಆಟಗಾರ ತನ್ನ ಹೆಸರಿನಿಂದ ಒಂದು ಪೈಸೆ ಗಳಿಸುವ ಹಾಗಿರಲಿಲ್ಲ. ಕೋಚ್ ಜಿಮ್ ಟ್ರೆಸೆಲ್‌ಗೆ ಇದು ಎಂಟು ತಿಂಗಳ ಮೊದಲೇ ಈಮೇಲ್‌ನಲ್ಲಿ ಗೊತ್ತಾಗಿತ್ತು, ಅವರು ಯಾರಿಗೂ ವರದಿ ಮಾಡಿರಲಿಲ್ಲ. 2011ರ ಮೇ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. 2010ರ ಗೆಲುವುಗಳನ್ನೆಲ್ಲ ದಾಖಲೆಯಿಂದ ತೆಗೆದುಹಾಕಿದರು. ಮಿಶಿಗನ್ ವಿರುದ್ಧದ 37-7 ಗೆಲುವೂ ಅದರಲ್ಲಿ ಹೋಯಿತು. ಲಕ್ಷ ಜನ ಕಣ್ಣಾರೆ ನೋಡಿದ ಮ್ಯಾಚು ಲೆಕ್ಕಕ್ಕಿಲ್ಲ ಅಂದರೆ ಹೇಗಿರುತ್ತದೆ ಹೇಳಿ.

ಇನ್ನೊಂದು ಶಿಕ್ಷೆ 2012ಕ್ಕೆ ಬಂತು. ಆ ವರ್ಷ ಓಹಾಯೋ ಆಡಿದ ಹನ್ನೆರಡೂ ಮ್ಯಾಚು ಗೆದ್ದಿತು. ಆದರೆ ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ಬೌಲ್ ಪಂದ್ಯಕ್ಕೆ ಹೋಗುವ ಹಾಗಿಲ್ಲ. ಉಂಗುರ ಮಾರಿದವರು ಬೇರೆ, ಮನೆಯಲ್ಲಿ ಕೂತವರು ಬೇರೆ. ಆಗ ನಾವು ಮಿಶಿಗನ್‌ನವರು ಎಷ್ಟು ಖುಷಿಪಟ್ಟೆವು ಅಂತ ನನಗೆ ಚೆನ್ನಾಗಿ ನೆನಪಿದೆ. ಇವತ್ತು ಅದು ಸರಿ ಅನ್ನಿಸುವುದಿಲ್ಲ. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ವರ್ಷಕ್ಕೆ 2 ಕೋಟಿ ಡಾಲರ್‌ಗೂ ಮೇಲೆ ಆಟಗಾರರಿಗೆ ಹಂಚಬಹುದು. ತನ್ನದೇ ಪದಕ ಮಾರಿ ಒಂದೆರಡು ಸಾವಿರ ಡಾಲರ್ ಪಡೆದ ಹುಡುಗನನ್ನು ನಾವು ಕಳ್ಳ ಅಂದಿದ್ದೆವು. ಕೋಚ್ ಮುಚ್ಚಿಟ್ಟದ್ದು ತಪ್ಪು, ಅದು ಬೇರೆ. ಹುಡುಗನಿಂದ ಯಾರಿಗೆ ನೋವಾಯಿತು?

ಮುಂದೆ ನಮ್ಮ ಸರದಿ. 2023ರ ಅಕ್ಟೋಬರ್. ಆಟದಲ್ಲಿ ಕೋಚ್‌ಗಳು ಗೆರೆಯ ಹೊರಗೆ ನಿಂತು ಕೈಸನ್ನೆ ಮಾಡಿ, ಚಿತ್ರದ ಬೋರ್ಡು ಎತ್ತಿ, ಮುಂದಿನ ನಡೆ ಯಾವುದು ಅಂತ ಆಟಗಾರರಿಗೆ ತಿಳಿಸುತ್ತಾರೆ. ಎದುರಾಳಿ ಅದನ್ನು ಮೈದಾನದಲ್ಲಿ ನಿಂತು ಊಹಿಸಿದರೆ ತಪ್ಪಿಲ್ಲ. ಟಿವಿಯಲ್ಲಿ ನೋಡಿ ಅರ್ಥಮಾಡಿಕೊಂಡರೂ ತಪ್ಪಿಲ್ಲ. ಮುಂದೆ ತಮ್ಮ ಎದುರಾಳಿಯಾಗುವ ತಂಡದ ಮ್ಯಾಚಿಗೆ ಜನ ಕಳಿಸಿ ನೋಡಿಕೊಂಡು ಬರುವುದನ್ನು ಮಾತ್ರ 1994ರಲ್ಲೇ ನಿಲ್ಲಿಸಿದ್ದರು. ಮಿಶಿಗನ್‌ನ ಒಬ್ಬ ಕಿರಿಯ ಸಿಬ್ಬಂದಿ ಅದನ್ನೇ ಮಾಡಿದ್ದ. ಟಿಕೆಟ್ ಕೊಂಡು, ಗುರುತಿನವರನ್ನು ಕಳಿಸಿ, ಫೋನಿನಲ್ಲಿ ಸನ್ನೆಗಳನ್ನು ಚಿತ್ರೀಕರಿಸಿದ್ದ. ಎರಡೂ ವಿಶ್ವವಿದ್ಯಾಲಯಗಳು ಇರುವ ಬಿಗ್ ಟೆನ್ ಒಕ್ಕೂಟ, ಮಿಶಿಗನ್ ಕೋಚ್ ಜಿಮ್ ಹಾರ್ಬೊ ಅವರನ್ನು ಮೂರು ಮ್ಯಾಚು ಹೊರಗಿಟ್ಟಿತು. ಅವರಿಲ್ಲದೆಯೂ ಮಿಶಿಗನ್ ಓಹಾಯೋವನ್ನು 30-24ರಿಂದ ಸೋಲಿಸಿತು, ಅವರು ಮರಳಿದ ಮೇಲೆ 2024ರ ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಇಡೀ ದೇಶದ ಕಾಲೇಜು ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ, ಅದರ ತೀರ್ಪು ಬಂದದ್ದು 2025ರ ಆಗಸ್ಟ್‌ನಲ್ಲಿ. ದಂಡದ ಮೊತ್ತ 2 ಕೋಟಿ ಡಾಲರ್ ದಾಟಬಹುದು ಅಂತ ಅಂದಾಜು. ಗೆಲುವುಗಳನ್ನು ಅಳಿಸಲಿಲ್ಲ. ಬೌಲ್‌ಗೆ ತಡೆಯನ್ನೂ ಹಾಕಲಿಲ್ಲ, ಈಗಿನ ಹುಡುಗರಿಗೆ ಹಿಂದಿನವರ ತಪ್ಪಿಗೆ ಶಿಕ್ಷೆ ಬೇಡ ಅಂದರು. 2012ರಲ್ಲಿ ಓಹಾಯೋ ಹುಡುಗರಿಗೆ ಸಿಗದ ನ್ಯಾಯ ನಮ್ಮವರಿಗೆ ಸಿಕ್ಕಿತು.

ಈ ವಿಷಯದಲ್ಲಿ ನನ್ನ ಮಾತು ನೇರ. ನಾನು ಮಿಶಿಗನ್ ಅಭಿಮಾನಿ, ನಮ್ಮವರು ಮಾಡಿದ್ದು ತಪ್ಪು. "ಎಲ್ಲರೂ ಸನ್ನೆ ಕದಿಯುತ್ತಾರೆ" ಅನ್ನುವ ವಾದ ನಾನು ಒಪ್ಪುವುದಿಲ್ಲ. ನಿಯಮ ಗೊತ್ತಿದ್ದೂ ಮುರಿದರು. ಆದರೆ ಓಹಾಯೋ ಗೆಳೆಯರು 2021ರಿಂದ 2023ರ ತನಕ ನಮ್ಮವರು ಅವರನ್ನು ಸೋಲಿಸಿದ ಮೂರು ಗೆಲುವೂ ಸುಳ್ಳು ಅಂದಾಗಲೂ ಒಪ್ಪುವುದಿಲ್ಲ. 2024ರ ನವೆಂಬರ್ 30ರಂದು ಮಿಶಿಗನ್ ಮತ್ತೆ ಗೆದ್ದಿತು, ಕೊಲಂಬಸ್‌ನಲ್ಲಿ, 13-10. ಗೆದ್ದ ಮೇಲೆ ನಮ್ಮ ಹುಡುಗರು ಅವರ ಮೈದಾನದ ನಡುವೆ ಬಾವುಟ ನೆಡಲು ಹೋದರು. ಹೊಡೆದಾಟ ಆಯಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹಾಕಿದರು, ಎರಡೂ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಲಕ್ಷ ಡಾಲರ್ ದಂಡ ಬಿತ್ತು. ಮಗಳು ಅಲ್ಲೇ ಸ್ಟೇಡಿಯಂನಲ್ಲಿದ್ದಳು. ಅವಳ ಫೋನ್ ಬರುವ ತನಕ ನನ್ನ ಹೆಂಡತಿ ಕೂತ ಕಡೆ ಕೂರಲಿಲ್ಲ.

ಇಲ್ಲಿಯ ತನಕ ಹೇಳಿದ್ದು ಎಲ್ಲರಿಗೂ ಬಾಯಿಪಾಠ. ಹಚ್ಚೆ ಕತೆ ಓಹಾಯೋಗೆ ಚುಚ್ಚಲು, ಸನ್ನೆ ಕತೆ ಮಿಶಿಗನ್‌ಗೆ ಚುಚ್ಚಲು. ನಾನು ನಿಜವಾಗಿ ಹೇಳಲು ಬಂದದ್ದು ಬೇರೆ ಎರಡು ಹೆಸರು. ಮ್ಯಾಚಿನ ವಾದದಲ್ಲಿ ಇವು ಬರುವುದೇ ಇಲ್ಲ.

ರಿಚರ್ಡ್ ಸ್ಟ್ರಾಸ್ ಓಹಾಯೋ ಸ್ಟೇಟ್‌ನ ವೈದ್ಯ. 1978ರಿಂದ 1998ರ ತನಕ ಅಲ್ಲಿದ್ದ, ಆಟಗಾರರಿಗೆ ಚಿಕಿತ್ಸೆ ಕೊಡುತ್ತಿದ್ದ. 2019ರಲ್ಲಿ ಬಂದ ತನಿಖಾ ವರದಿ ಅವನು ಕನಿಷ್ಠ 177 ವಿದ್ಯಾರ್ಥಿಗಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಅಂತ ಹೇಳಿತು. ಸಿಬ್ಬಂದಿಯಲ್ಲಿ ಎಷ್ಟೋ ಜನರಿಗೆ ಆಗಲೇ ಸುಳಿವಿತ್ತು ಅಂತಲೂ ಹೇಳಿತು.

ರಾಬರ್ಟ್ ಆಂಡರ್ಸನ್ ಮಿಶಿಗನ್‌ನ ವೈದ್ಯ. 1966ರಿಂದ 2003, ಮೂವತ್ತೇಳು ವರ್ಷ. ಟೀಮಿಗೆ ಸೇರುವ ಪ್ರತಿ ಹುಡುಗನೂ ದೇಹ ಪರೀಕ್ಷೆಗೆ ಇವನ ಬಾಗಿಲು ದಾಟಲೇಬೇಕಿತ್ತು. ಹದಿನೆಂಟು ವರ್ಷದ ಹುಡುಗ, ಮನೆಯಿಂದ ಮೊದಲ ಸಲ ದೂರ ಬಂದವನು. ಸ್ಕಾಲರ್‌ಶಿಪ್ ಹೋದರೆ ಓದೂ ಹೋಯಿತು. ಅವನು ಯಾರಿಗೆ ಹೇಳಬೇಕು? 2018ರಲ್ಲಿ ಒಬ್ಬ ಹಳೆಯ ಕುಸ್ತಿಪಟು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದ ಮೇಲೆ ತನಿಖೆ ಶುರುವಾಯಿತು. 2022ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಒಟ್ಟು 49 ಕೋಟಿ ಡಾಲರ್ ಕೊಡಲು ವಿಶ್ವವಿದ್ಯಾಲಯ ಒಪ್ಪಿತು. ಅಷ್ಟರಲ್ಲಿ ಆಂಡರ್ಸನ್ ಸತ್ತು ಹದಿಮೂರು ವರ್ಷಕ್ಕೂ ಮೇಲಾಗಿತ್ತು.

2021ರ ಜೂನ್‌ನಲ್ಲಿ ಬೋ ಶೆಂಬೆಕ್ಲರ್ ಅವರ ಮಗನೊಬ್ಬ ಎಲ್ಲರೆದುರು ನಿಂತು, ನಾನು ಹತ್ತು ವರ್ಷದವನಿದ್ದಾಗ ಈ ವೈದ್ಯನ ಬಗ್ಗೆ ಅಪ್ಪನಿಗೆ ಹೇಳಿದ್ದೆ, ಅವರು ನನ್ನ ಮಾತು ಕೇಳಲಿಲ್ಲ ಅಂದರು. ಮನೆಯವರಲ್ಲೇ ಕೆಲವರು ಅದನ್ನು ಒಪ್ಪಲಿಲ್ಲ. ನಾನು ಆ ವಾರ ನನ್ನ ಗೆಳೆಯರ ಮಾತು ಕೇಳಿ ಬೇಜಾರಾದೆ. ನೊಂದ ಹುಡುಗರ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಕಟ್ಟಡದ ಮುಂದಿರುವ ಬೋ ಪ್ರತಿಮೆಯನ್ನು ಇಡಬೇಕೋ ತೆಗೆಯಬೇಕೋ, ಅದೊಂದೇ ಚಿಂತೆ. ಪೆನ್ ಸ್ಟೇಟ್ ಅನ್ನುವ ಇನ್ನೊಂದು ವಿಶ್ವವಿದ್ಯಾಲಯದಲ್ಲೂ 2011ರಲ್ಲಿ ಹೀಗೇ ಆಗಿತ್ತು. ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಆರೋಪದಲ್ಲಿ ಹಳೆಯ ಸಹಾಯಕ ಕೋಚ್ ಸ್ಯಾಂಡಸ್ಕಿಯ ಬಂಧನವಾಯಿತು. ಆಮೇಲೆ ಮುಖ್ಯ ಕೋಚ್ ಜೋ ಪಟರ್ನೊ ಅವರನ್ನು ಕೆಲಸದಿಂದ ತೆಗೆದರು. ಅವತ್ತು ರಾತ್ರಿ ವಿದ್ಯಾರ್ಥಿಗಳು ಬೀದಿಗಿಳಿದು ಟಿವಿಯವರ ವ್ಯಾನು ಉರುಳಿಸಿದರು. ಅವರ ಸಿಟ್ಟು ಪಟರ್ನೊ ಹೋದರಲ್ಲಾ ಅಂತ.

ಸನ್ನೆ ಕದ್ದದ್ದಕ್ಕೆ ನಾವು ಎರಡು ವರ್ಷ ವಾದ ಮಾಡಿದೆವು. ಮೂವತ್ತೇಳು ವರ್ಷದ ನೋವಿಗೆ ಎಷ್ಟು ದಿನ ಕೊಟ್ಟೆವು? ಪ್ರೋಗ್ರಾಮ್ ಪ್ರಾಮಾಣಿಕವೋ ಅಲ್ಲವೋ ಅಂತ ಯಾರಾದರೂ ಕೇಳಿದರೆ ನನಗೆ ಈಗ ಮೊದಲು ಬರುವ ಪ್ರಶ್ನೆ, ಇಲ್ಲಿ ಒಬ್ಬ ಹುಡುಗನಿಗೆ ಅನ್ಯಾಯವಾದರೆ ಅವನು ಹೇಳಿಕೊಳ್ಳಬಹುದಾ, ಕೇಳುವವರು ಇದ್ದಾರಾ ಅನ್ನುವುದು. ಅದನ್ನು ಓಹಾಯೋದವರಿಗೆ ಕೇಳುವ ಮೊದಲು ನಮ್ಮವರಿಗೆ ಕೇಳಬೇಕು. ಟಿಕೆಟ್ ಕೊಳ್ಳುವವರು ನಾವು, ಜೆರ್ಸಿ ಕೊಳ್ಳುವವರು ನಾವು. ಕೇಳುವ ಹಕ್ಕು ನಮಗೆ ಇದೆ.

2021ರ ಅಕ್ಟೋಬರ್‌ನಲ್ಲಿ ಮಿಶಿಗನ್‌ನ ಒಬ್ಬ ಮಾಜಿ ಫುಟ್‌ಬಾಲ್ ಆಟಗಾರ ಆನ್ ಆರ್ಬರ್‌ನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆ ಮುಂದೆ ಡೇರೆ ಹಾಕಿ ಕೂತರು. ಆಂಡರ್ಸನ್ ಕೈಯಲ್ಲಿ ನೊಂದವರಲ್ಲಿ ಅವರೂ ಒಬ್ಬರು. ಚಳಿ ಬಂತು, ಹಿಮ ಬಂತು, ಅವರು ಏಳಲಿಲ್ಲ. ನವೆಂಬರ್ 27ಕ್ಕೆ ಮ್ಯಾಚು. ಸ್ಟೇಡಿಯಂನಲ್ಲಿ ಹಿಮ ಬೀಳುತ್ತಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ನಾವು ಓಹಾಯೋವನ್ನು ಸೋಲಿಸಿದೆವು, 42-27. ಜನ ಮೈದಾನಕ್ಕೆ ನುಗ್ಗಿದರು. ನಾನೂ ಮಗಳೂ ಅಲ್ಲಿದ್ದೆವು, ಅವಳಿಗೆ ಆಗ ಹದಿನೈದು. ಕೂಗಿ ಕೂಗಿ ಇಬ್ಬರ ಗಂಟಲೂ ಬಿದ್ದುಹೋಗಿತ್ತು.

ಆಮೇಲೆ ಊರೊಳಗೆ ನಡೆದು ಹೋಗುವಾಗ ಆ ಬೀದಿ ಸಿಕ್ಕಿತು. ಜನ ಗುಂಪುಗುಂಪಾಗಿ ವಿಶ್ವವಿದ್ಯಾಲಯದ ಹಾಡು ಹೇಳುತ್ತಾ ಹೋಗುತ್ತಿದ್ದರು. ಗೆದ್ದವರಿಗೆ ಜೈ ಅನ್ನುವ ಹಾಡು. ಡೇರೆಯ ಹತ್ತಿರ ಒಂದು ಬೋರ್ಡು. ಅದರಲ್ಲಿ ಹಾಡಿನ ಒಂದೇ ಪದ ಬದಲಾಗಿತ್ತು: ನೊಂದವರಿಗೆ ಜೈ. ಮಗಳು ನಿಂತು ಅದನ್ನು ಓದಿದಳು.

"ಅಪ್ಪಾ, ಇವ್ರೂ ನಮ್ಮ ಟೀಮಿನವರೇ ಅಲ್ವಾ?"

ಹೌದು ಪುಟ್ಟಿ, ನಮ್ಮವರೇ ಅಂದೆ. ಹಿಂದೆ ಬರುತ್ತಿದ್ದ ಗುಂಪಿಗೆ ದಾರಿ ಬಿಟ್ಟು, ನಾವಿಬ್ಬರೂ ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ಹಿಮದಲ್ಲಿ ನಿಂತಿದ್ದೆವು.

ಇಷ್ಟು ಹೊತ್ತು ಕೇಳಿದ್ದಕ್ಕೆ ಎಲ್ಲರಿಗೂ ನಮಸ್ಕಾರ.