ಕುಣಿಯೋ ಪ್ಯಾಡು, ಸಾಯದ ಸೆನ್ಸರು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಕುಣಿಯೋ ವಿಷ್ಯ, ಅದಕ್ಕಿಂತ ಹೆಚ್ಚಾಗಿ ಕುಣಿಯೋವಾಗ ಕಾಲಡಿ ಏನಿರುತ್ತೆ ಅನ್ನೋ ವಿಷ್ಯ.

1998ರಲ್ಲಿ ಜಪಾನಿನ ಕೊನಾಮಿ ಕಂಪನಿ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಅಂತ ಗೇಮ್ ಮಷೀನು ತಂತು. ಪರದೆ ಮೇಲೆ ಬಾಣ ಬಂದ ಹಾಗೆ ನಾಲ್ಕು ದಿಕ್ಕಿಗೂ ತುಳೀತಾ ಹೋಗ್ಬೇಕು, ಅಷ್ಟೇ ಆಟ. ಮನೇಲಿ ಆಡೋಕೆ ಸ್ಟೆಪ್‌ಮೇನಿಯಾ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಇದೆ, ಇನ್ನು ಕಾಲಡಿ ತುಳಿಯೋ ಪ್ಯಾಡನ್ನ ಕೈಯಾರೆ ಮಾಡ್ಕೊಂಡ್ರೆ ಅದರ ಖುಷಿನೇ ಬೇರೆ.

ನಾನು ಮೊದಲು ಮಾಡಿದ್ದು ಫಾಯಿಲ್ ಪ್ಯಾಡು. ಎರಡು ಅಲ್ಯೂಮಿನಿಯಂ ಫಾಯಿಲ್, ಮಧ್ಯ ತೂತು ಕೊರೆದ ಸ್ಪಾಂಜು, ತುಳಿದ್ರೆ ಆ ತೂತಲ್ಲಿ ಎರಡೂ ಮುಟ್ಟಿ ಸರ್ಕ್ಯೂಟ್ ಕೂಡ್ಕೊಳುತ್ತೆ. ಒಂದಷ್ಟು ದಿನ ಮಜವಾಗಿತ್ತು, ಆಮೇಲೆ ಎಡಗಡೆ ಬಾಣ ಒತ್ತಿದ್ದು ಒತ್ತಿದ ಹಾಗೇ ಉಳ್ಕೊಂಬಿಡ್ತು, ಬಿಚ್ಚಿ ನೋಡಿದ್ರೆ ಸ್ಪಾಂಜು ಚಪ್ಪಟೆ, ಫಾಯಿಲ್ಲು ಸ್ಕ್ರೂ ಹತ್ರ ಚಿಂದಿ ಚಿಂದಿ.

ಈಗ ಹಾಕಿರೋದು ಎಫ್‌ಎಸ್‌ಆರ್, ಅಂದ್ರೆ ಫೋರ್ಸ್ ಸೆನ್ಸಿಂಗ್ ರೆಸಿಸ್ಟರ್, ಒತ್ತಡ ತಿಳಿಯೋ ಸೆನ್ಸರು. ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ, ಒತ್ತಿದಷ್ಟೂ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಅದು ಒಡ್ಡೋ ಅಡ್ಡಿ, ಇಳಿಯುತ್ತೆ. ಜೊತೆಗೊಂದು ರೆಸಿಸ್ಟರ್ ಸೇರಿಸಿ ಮಧ್ಯದ ವೋಲ್ಟೇಜನ್ನ ಆರ್ಡುಯಿನೋ ಲಿಯೊನಾರ್ಡೋ ಅನ್ನೋ ಪುಟ್ಟ ಪ್ರೋಗ್ರಾಂ ಮಾಡೋ ಬೋರ್ಡಿಗೆ ಕೊಟ್ರೆ 0ಯಿಂದ 1023ರವರೆಗೆ ನಂಬರ್ ಬರುತ್ತೆ, ಕಂಪ್ಯೂಟರ್‌ಗೆ ಆ ಬೋರ್ಡೇ ಕೀಬೋರ್ಡ್ ಥರ ಕಾಣುತ್ತೆ. ನಂಬರ್ 400 ದಾಟಿದ್ರೆ ಒತ್ತಿದ್ದು ಅಂತಿಟ್ರೆ ಬಿಡೋದನ್ನ 350ಕ್ಕೆ ಇಡ್ಬೇಕು, ಎರಡಕ್ಕೂ ಒಂದೇ ಗೆರೆ ಹಾಕಿದ್ರೆ ಒಂದು ತುಳಿತಕ್ಕೆ ಮೂರ್ಮೂರು ಸಲ ಬಡ್ಕೊಳುತ್ತೆ. ತೂಕದ ಮಷೀನಿನ ಲೋಡ್ ಸೆಲ್ ಹಾಕ್ಬಾರ್ದಾ ಅಂತ ಕೇಳ್ತಾರೆ. ಅದರ ಜೊತೆ ಸಾಮಾನ್ಯವಾಗಿ ಬರೋ ಎಚ್‌ಎಕ್ಸ್711 ಚಿಪ್ಪು ಸೆಕೆಂಡಿಗೆ ಜಾಸ್ತಿ ಅಂದ್ರೆ 80 ಸಲ ಓದುತ್ತೆ, ಈ ಆಟಕ್ಕೆ ಅದು ಆಮೆ ನಡಿಗೆ.

ಸೆನ್ಸರು ತುಳಿದು ಸಾಯಲ್ಲ ಕಣ್ರೀ, ಉಜ್ಜಿ ಸಾಯುತ್ತೆ. ಕುಣಿಯೋವಾಗ ಕಾಲು ಬರೀ ಕೆಳಕ್ಕೆ ಒತ್ತಲ್ಲ, ಪಕ್ಕಕ್ಕೂ ತಳ್ಳುತ್ತೆ, ಸೆನ್ಸರ್ ಮೇಲಿರೋ ತುಳಿಯೋ ಹಲಗೆ ಕೂದಲೆಳೆಯಷ್ಟು ಜರುಗಿದ್ರೂ ಪಟ್ಟಿ ಮೇಲಿನ ಪದರ ಕೆಳಗಿನದ್ರ ಮೇಲೆ ಜಾರಿ ಜಾರಿ ಸವೆದು ಹೋಗುತ್ತೆ. ಅದಕ್ಕೇ ಹಲಗೆ ಸುತ್ತ ಚೌಕಟ್ಟು ಬಿಗಿಯಾಗಿರ್ಬೇಕು, ಮೇಲೆ ಕೆಳಗೆ ಮಾತ್ರ ಆಡ್ಬೇಕು. ಸೆನ್ಸರ್ ಮಧ್ಯದಲ್ಲಿ ಬೇಡ, ನಾಲ್ಕೂ ಅಂಚಿನ ಕೆಳಗೆ ಒಂದೊಂದು ಇರ್ಲಿ, ಪಟ್ಟಿಗೂ ಹಲಗೆಗೂ ನಡುವೆ ಮೆತ್ತನೆ ರಬ್ಬರ್ ತುಂಡು ಅಂಟಿಸಿ. ಸ್ಕ್ರೂ ತಲೆ ಪಟ್ಟಿ ಮೇಲೆ ಕೂತ್ರೆ ಮುಗೀತು ಕಥೆ. ಇನ್ನು ಪಟ್ಟಿಯ ಬಾಲಕ್ಕೆ, ಅಂದ್ರೆ ವೈರ್ ಜೋಡಿಸೋ ತುದಿಗೆ, ನೇರ ಬೆಸುಗೆ ಹಾಕೋಕೆ ಹೋಗ್ಬೇಡಿ, ಪ್ಲಾಸ್ಟಿಕ್ ಕರಗುತ್ತೆ, ನಾನು ಎರಡು ಪಟ್ಟಿ ಹಾಗೇ ಕಳ್ಕೊಂಡೆ, ಒತ್ತಿ ಕೂರಿಸೋ ಕನೆಕ್ಟರ್ ಹಾಕಿ.

ಆಮೇಲೆ ಎತ್ತರ. ಒಂದು ಅಂಚು ತಗ್ಗಿದ್ರೆ ಅಲ್ಲಿನ ಸೆನ್ಸರ್‌ಗೆ ಭಾರನೇ ಬೀಳಲ್ಲ, ಕೆಳಗೆ ಕಾರ್ಡ್‌ಬೋರ್ಡ್ ಚೂರು ಇಟ್ಟು ನಂಬರ್ ನೋಡ್ತಾ ಏರಿಸ್ಬೇಕು. ಜಾಸ್ತಿ ಏರಿಸಿದ್ರೆ ಯಾರೂ ನಿಲ್ಲದೇ ಇದ್ರೂ ಬಾಣ ಒತ್ತಿರುತ್ತೆ. ನಂದು ಮೇಲ್ಗಡೆ ಬಾಣ ನಿನ್ನೆಯಿಂದ ಹಾಗೇ ಮಾಡ್ತಿದೆ, ಒಂದು ಚೂರು ತೆಗೀಬೇಕು, ಸ್ಕ್ರೂಡ್ರೈವರ್ ಎಲ್ಲಿಟ್ಟಿದೀನೋ ಹುಡುಕ್ತೀನಿ. ನಮಸ್ಕಾರ.